ಸ್ಕೋಕಿಯಲ್ಲೇ ಉಳಿದ ಪಾಲಿಸಿ

ನನ್ನ ಗಂಡನಿಗೆ ಪಾರ್ಕಿನ್ಸನ್ ಇದೆಯೆಂದು ತಿಳಿಯುವ ಎಷ್ಟೋ ವರ್ಷ ಮೊದಲು, ಇಲಿನಾಯ್ ರಾಜ್ಯದ ಸ್ಕೋಕಿಯ ಮನೆಯಲ್ಲಿ, ಇಬ್ಬರಿಗೂ ದೀರ್ಘಕಾಲದ ಆರೈಕೆಯ ವಿಮೆ ಮಾಡಿಸಿದೆವು. ಮುಪ್ಪಿನಲ್ಲಿ ನೋಡಿಕೊಳ್ಳುವವರನ್ನು ಇಟ್ಟುಕೊಳ್ಳಲು ದುಡ್ಡು ಕೊಡುವ ವಿಮೆ. ಮಗಳಿಗೆ ಹೊರೆಯಾಗಬಾರದೆಂದು ಹಟ ಹಿಡಿದವಳು ನಾನು ಎಂಬುದು ನನ್ನ ನೆನಪು. “ಹಟ ಹಿಡಿದಿದ್ದು ನಾನು ಕಣೆ. ನೀನು ಅಡುಗೆಮನೇಲಿ ಕಾಫಿ ಮಾಡ್ತಿದ್ದೆ” ಅನ್ನುತ್ತಾರೆ ಇವರು. ಇರಬಹುದು. ಪ್ರೀಮಿಯಂ ಹೀಗೆ ಏರುತ್ತದೆಂದು ಏಜೆಂಟ್ ಹೇಳಲಿಲ್ಲ ಎಂಬುದನ್ನು ಮಾತ್ರ ಇಬ್ಬರೂ ಒಪ್ಪುತ್ತೇವೆ. ಒಪ್ಪುವುದು ನಮಗೆ ಅನುಕೂಲವೂ ಹೌದು.

ಮೊದಲ ಏರಿಕೆಯಲ್ಲಿ ನನ್ನ ಪಾಲಿಸಿ ಬಿಟ್ಟೆ. ಈ ವಸಂತದಲ್ಲಿ ಇವರದಕ್ಕೆ ಮತ್ತೆ ಏರಿಕೆಯ ಕಾಗದ ಬಂತು. ನಮ್ಮ ಪೆನ್ಷನ್‌ಗೆ ಎಟುಕುವಂಥದ್ದಲ್ಲ. ಏರಿಸಲು ರಾಜ್ಯ ಸರಕಾರದ ಒಪ್ಪಿಗೆ ಬೇಕೆಂದು ಗೊತ್ತಿತ್ತು. ಈಗ ನಾವಿರುವುದು ರಾಚೆಸ್ಟರ್ ಹಿಲ್ಸ್‌ನಲ್ಲಿ, ಮಗಳ ಮನೆಗೆ ಹತ್ತಿರ. ಈ ಊರಿರುವ ಮಿಶಿಗನ್ ರಾಜ್ಯದ ವಿಮಾ ಇಲಾಖೆಗೆ ತಿದ್ದಿ ತಿದ್ದಿ ದೂರು ಬರೆದೆ. ಇವರಿಗೆ ಓದಿ ಹೇಳಿದೆ.

“ಥೀಸಿಸ್ ಇದ್ದ ಹಾಗಿದೆ. ಇನ್ನೊಂದು ಡಿಗ್ರಿ ಬೇಕಾದ್ರೆ ಕೊಡ್ತಾರೆ, ದುಡ್ಡು ಕಮ್ಮಿ ಮಾಡಲ್ಲ.”

ಇಲಾಖೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಪಾಲಿಸಿ ಕೊಂಡದ್ದು ಇಲಿನಾಯ್‌ನಲ್ಲಿ, ಅದರ ದರ ನೋಡುವವರೂ ಅಲ್ಲಿಯವರೇ ಅಂದಳು. ಇಲ್ಲಿಗೆ ಬಂದಾಗ ಲೈಸೆನ್ಸ್, ಕಾರಿನ ನಂಬರ್ ಪ್ಲೇಟ್, ವೋಟು ಎಲ್ಲವನ್ನೂ ಬದಲಿಸಿದ್ದೆವು. ಪಾಲಿಸಿಯೂ ನಮ್ಮ ಜೊತೆ ಬಂದಿದೆ ಅಂದುಕೊಂಡಿದ್ದೆ. ಇಲಿನಾಯ್‌ಗೆ ಫೋನ್ ಮಾಡಿದರೆ ಅಲ್ಲಿ ಆಗಲೇ ಒಪ್ಪಿಗೆ ಕೊಟ್ಟಾಗಿತ್ತು. ಕಂಪನಿ ಕೇಳಿದಷ್ಟು ಏರಿಸಲು ಬಿಟ್ಟಿಲ್ಲ, ಏನೂ ಏರಿಸಲು ಬಿಡದೇ ಇದ್ದರೆ ನಾಳೆ ಕ್ಲೇಮ್ ಮಾಡಿದವರಿಗೆ ಕೊಡಲು ಅವರ ಹತ್ತಿರ ದುಡ್ಡಿರುವುದಿಲ್ಲ ಎಂದ ಅಧಿಕಾರಿ. ಅವನ ಮೇಲೆ ಸಿಟ್ಟಾಗಲು ನೋಡಿದೆ. ಆಗಲಿಲ್ಲ.

ಪಾಲಿಸಿ ಬಿಡುವ ಹಾಗಿಲ್ಲ. ಈ ಕಾಯಿಲೆ ಇರುವವರಿಗೆ ಹೊಸದನ್ನು ಯಾರು ಕೊಡುತ್ತಾರೆ? ಈಗಲೇ ಕ್ಲೇಮ್ ಮಾಡುವ ಹಾಗೂ ಇಲ್ಲ. ಸ್ನಾನ, ಬಟ್ಟೆ, ಊಟದಂಥ ಆರು ಕೆಲಸಗಳಲ್ಲಿ ಎರಡಕ್ಕಾದರೂ ಇನ್ನೊಬ್ಬರ ಕೈ ಬೇಕಾಗಬೇಕು. ಇವರಿಗೆ ಬೇಕಾಗಿರುವುದು ಸ್ನಾನಕ್ಕೆ ಮಾತ್ರ. ಬಟ್ಟೆಗೂ ಬೇಕಾದರೆ ಲೆಕ್ಕ ಎರಡಾಗುತ್ತದೆ. ಅಂಗಿಯ ಗುಂಡಿ ತಾವೇ ಹಾಕಿಕೊಂಡ ದಿನ ಬಂದು ತೋರಿಸುತ್ತಾರೆ. ನನಗೆ ಸಂತೋಷವಾಗುತ್ತದೆ ಎಂದು ಬರೆಯಹೊರಟರೆ ಕೈ ತಡೆಯುತ್ತದೆ.

“ವಾಟ್ ಆರ್ ದಿ ಆಪ್ಷನ್ಸ್, ಅಮ್ಮ?” ಎಂದಳು ಮಗಳು ಫೋನಿನಲ್ಲಿ.

ಒಂದೇ ಉಳಿದಿತ್ತು. ಪ್ರೀಮಿಯಂ ಹಳೆಯದೇ ಇರುತ್ತದೆ. ಮುಂದೆ ಸಿಗಬೇಕಾದ ದುಡ್ಡು ವರ್ಷವರ್ಷ ಬೆಳೆಯುವುದು ನಿಲ್ಲುತ್ತದೆ. ಆರೈಕೆಯ ಖರ್ಚು ನಿಲ್ಲುವುದಿಲ್ಲ. ಆದರೂ ಒಪ್ಪಿದೆವು.

ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲು ಇವರು ಪೆನ್ ಹಿಡಿದರು. ಮೊದಲ ಅಕ್ಷರದಲ್ಲೇ ಕೈ ನಿಂತಿತು. ಮಣಿಕಟ್ಟು ಹಿಡಿದುಕೊಂಡೆ, ಇಬ್ಬರೂ ಸೇರಿ ಸಹಿ ಮುಗಿಸಿದೆವು.

“ಇದು ಲೆಕ್ಕಕ್ಕೆ ಬರತ್ತೇನೆ?” ಅಂದರು.

“ಆ ಆರರಲ್ಲಿ ಸಹಿ ಇಲ್ಲ ರೀ” ಅಂದೆ.