ವೈಫೈಗೆ ಪಾಳಿ ಹಚ್ಚಿದ ಕಾಕಾ

ಕಾಕಾರ ಎಡಗಿವಿ ಒಣಗಿದ ಅಂಜೂರದ ಹಾಗೆ ಮುದುಡಿಕೊಂಡಿತ್ತು. ಹರೆಯದಲ್ಲಿ ಕೊಲ್ಹಾಪುರದ ತಾಲೀಮಿನಲ್ಲಿ ಕುಸ್ತಿ ಆಡಿದ ಗುರುತು ಅದು. ಏನಾದರೂ ತೀರ್ಪು ಹೇಳಬೇಕೆಂದರೆ ಮೊದಲು ಆ ಕಿವಿಯನ್ನು ತಿಕ್ಕಿಕೊಳ್ಳುತ್ತಿದ್ದರು.

ನೂಲ ಎಂಬ ಊರಿನ ನಮ್ಮ ಓಣಿಯಲ್ಲಿ ನಾಲ್ಕು ಮನೆ ಸೇರಿ ಒಂದೇ ವೈಫೈ. ಅದರ ಡಬ್ಬಿ ಇದ್ದದ್ದು ಪಕ್ಕದ ಮನೆಯ ಈ ಕಾಕಾರ ಪಡಸಾಲೆಯಲ್ಲಿ. ಒಬ್ಬರು ಸಿನಿಮಾ ಹಚ್ಚಿದರೆ ಉಳಿದವರ ಫೋನಿನಲ್ಲಿ ಬರೀ ಚಕ್ರ ತಿರುಗುತ್ತಿತ್ತು. ಜಗಳ ಹೆಚ್ಚಾದಾಗ ಕಾಕಾ ಕಬ್ಬಿಗೆ ಬಾವಿಯ ನೀರು ಬಿಡುವ ಪಾಳಿಯನ್ನೇ ವೈಫೈಗೂ ಹಚ್ಚಿದರು: ಮನೆಗೊಂದು ತಾಸು, ಉಳಿದವರು ಬಂದ್.

ಮಗನ ರಕ್ತದ ರಿಪೋರ್ಟ್ ಫೋನಿಗೆ ಬರಬೇಕಿದ್ದ ಎದುರುಮನೆಯ ವೈನಿ ಸಿಡಿದೇ ಬಂದಳು.

"ಕಾಕಾ, ಕೊಡಾ ಹಿಡಕೊಂಡ ಬಂದಾಕಿಗೆ ಕಬ್ಬಿನ ಪಾಳಿ ಹೇಳತೀರೇನ್ರಿ? ಒಂದ ಕೊಡಾ ತುಂಬಾಕ ಎಷ್ಟ ಹೊತ್ತ ಬೇಕ್ರಿ?"

ಕಾಕಾ ಕಿವಿ ತಿಕ್ಕಿಕೊಂಡು ಜೋರಾಗಿ ನಕ್ಕರು. "ನನ್ನ ಚಿತ್ ಮಾಡಿದಿ ನೋಡವಾ!"

ಅಂದಿನಿಂದ ರಿಪೋರ್ಟು, ಸಂದೇಶ, ಮಾತುಕತೆ ಎಲ್ಲ ಕೊಡದ ನೀರು, ಯಾವಾಗಲಾದರೂ ತುಂಬಿಕೊಳ್ಳಬಹುದು. ಸಿನಿಮಾ, ಮ್ಯಾಚು ಕಬ್ಬಿನ ನೀರು; ಅವಕ್ಕಷ್ಟೇ ಪಾಳಿ.

ಗಡಹಿಂಗ್ಲಜದ ಶಾಲೆಯೊಂದರ ಶಿಕ್ಷಕಿ ಕೆಲಸಕ್ಕೆ ನನ್ನ ಸಂದರ್ಶನ ಲ್ಯಾಪ್‌ಟಾಪಿನಲ್ಲೇ ನಡೆಯುವುದಿತ್ತು. ಅದೇ ಹೊತ್ತಿಗೆ ಕೊಲ್ಹಾಪುರದಲ್ಲಿ ಕಾಕಾರ ಮೊಮ್ಮಗನ ದೊಡ್ಡ ಕುಸ್ತಿ, ವೈಫೈಗೆ ಹಚ್ಚಿದ ಅವರ ಟಿವಿಯಲ್ಲಿ ನೇರ. ಪಾಳಿಯೂ ಅವರದೇ. ಬಂದ್ ಮಾಡಿರಿ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಆದರೆ ನಡುವೆಯೇ ಪ್ರಶ್ನೆ ಕೇಳುತ್ತಿದ್ದವರ ಮುಖ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ಕಿಟಕಿಯಿಂದ ಕೂಗಿಕೊಂಡೆ: "ಕಾಕಾ, ನಿಂತ ಬಿಡ್ತ್ರಿ!"

ಮೊಮ್ಮಗ ಆಗಷ್ಟೇ ಅಖಾಡದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಿದ್ದನಂತೆ. ಕಾಕಾ ಟಿವಿ ಆರಿಸಿ ಕಟ್ಟೆಗೆ ಬಂದು ನಿಂತರು. "ಎಲ್ಲಾರೂ ಕಬ್ಬಿನ ನೀರ ಬಂದ್ ಮಾಡ್ರಿ! ಹುಡುಗಿ ಪರೀಕ್ಷಾದಾಗ ಐತಿ!"

ನಿಂತ ಮುಖ ಮತ್ತೆ ಮಾತಾಡಿತು.

ಎಲ್ಲ ಮುಗಿಸಿ ಹೊರಗೆ ಬಂದರೆ ಕಾಕಾ ಇನ್ನೂ ಕಟ್ಟೆಯ ಮೇಲೇ ಇದ್ದರು. "ನಿಮ್ಮ ಪಾಳಿ ಇತ್ತಲ್ಲರೀ ಕಾಕಾ" ಎಂದೆ.

"ನೀರ ಹಂಚಾಂವ ಮೊದಲ ತನ್ನ ಹೊಲದ ಬಾಯಿ ಮುಚ್ಚಬೇಕವಾ. ನನ್ನ ಮೊಮ್ಮಗ ನಾ ನೋಡಿದ್ರೂ ಆಡತಾನ, ನೋಡದಿದ್ರೂ ಆಡತಾನ. ನಿಂದ ಹಂಗಲ್ಲ."

ಮೊಮ್ಮಗ ಗೆದ್ದ ಸುದ್ದಿ ಅಷ್ಟರಲ್ಲಿ ಬಂದಾಗಿತ್ತು. ಆದರೂ ಸಂಜೆ ನನ್ನ ಫೋನಿನಲ್ಲಿ ಆ ಕುಸ್ತಿ ನೋಡುತ್ತ, "ಬಿಡಬ್ಯಾಡಲೇ! ಹಿಡಿ!" ಎಂದು ದನಿ ಕಟ್ಟುವ ತನಕ ಕೂಗಿದರು.

ಕೆಲಸ ಸಿಕ್ಕಿತು. ಕಾಕಾ ಹೋದ ವರ್ಷ ತೀರಿಕೊಂಡರು. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳೆಲ್ಲ ಕೂತ ಮೇಲೆ ನಾನು ಮೊದಲು ನನ್ನ ಫೋನಿನ ವೈಫೈ ಆರಿಸುತ್ತೇನೆ. ಆಮೇಲೆ ಕೈ ತಾನಾಗಿ ಕಿವಿಗೆ ಹೋಗುತ್ತದೆ.