ಹುಣಸೇಮರದ ದೆವ್ವ ಮತ್ತು ದೊಡ್ಡಪ್ಪನ ಊದುಬತ್ತಿ

ನಮ್ಮ ಮನೆತನದ ಹೆಣ್ಣುಮಗಳು ಡಿಗ್ರಿ ಮಾಡುವುದು ಆಗದ ಮಾತು ಎಂದವರು ನನ್ನ ದೊಡ್ಡಪ್ಪ. ತೊಂಬತ್ತರ ದಶಕದ ಕೊನೆ. ಕುಂಬಾರಕೊಪ್ಪಲಿನ ನಮ್ಮ ಬೀದಿಯ ಮನೆಮನೆಗೆ ಊದುಬತ್ತಿ ಹೊಸೆಯುವ ಕೆಲಸ ತಂದು ಹಂಚುತ್ತಿದ್ದವರೂ ಅವರೇ. ಏಳನೇ ಕ್ಲಾಸು ಮುಗಿಸಿದ ಹುಡುಗಿಯರ ಬೆರಳು ಅದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತಿತ್ತು.

ಹೈಸ್ಕೂಲಿನ ದಾರಿಯಲ್ಲೊಂದು ಹುಣಸೇಮರ. ಮೈನೆರೆದ ಹುಡುಗಿಯರನ್ನು ಅಲ್ಲಿನ ದೆವ್ವ ಹಿಡಿಯುತ್ತದೆ ಎಂದು ಬೀದಿಯೆಲ್ಲ ನಂಬಿತ್ತು. ಆರತಿ ಎತ್ತಿದ ಮೇಲೆ ಹುಡುಗಿ ಆ ದಾರಿ ತುಳಿಯುವಂತಿರಲಿಲ್ಲ. ದೊಡ್ಡಪ್ಪನ ಮಗಳು, ನನಗಿಂತ ಒಂದು ವರ್ಷಕ್ಕೆ ದೊಡ್ಡವಳು, ಹಾಗೇ ಸ್ಕೂಲು ಬಿಟ್ಟಳು. ಮರುವರ್ಷ ನನ್ನ ಸರದಿ.

ಕೇಬಲ್ ಇದ್ದ ಎದುರುಮನೆಯಲ್ಲಿ ಭಾನುವಾರ ಕಾರ್ಟೂನ್ ನೋಡುತ್ತಿದ್ದೆ. ಇಂಗ್ಲಿಷ್ ಒಂದಕ್ಷರ ತಿಳಿಯುತ್ತಿರಲಿಲ್ಲ. ಮಕ್ಕಳು ಭೂತದ ಬೆನ್ನು ಹತ್ತುವುದು, ಮುಖವಾಡ ಕಿತ್ತರೆ ಒಳಗೊಬ್ಬ ಲಾಭಕೋರ ಗಂಡಸಿರುವುದು, ಅವನನ್ನು ಪೊಲೀಸರು ಎಳೆದೊಯ್ಯುವುದು, ಇಷ್ಟು ತಿಳಿಯುತ್ತಿತ್ತು. ಅದನ್ನೇ ನಂಬಿ ತಪ್ಪು ಮಾಡಿದೆ. ನನ್ನ ಆರತಿಯ ದಿನ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಕೇಳಿಯೇಬಿಟ್ಟೆ.

“ದೊಡ್ಡಪ್ಪಾ, ಆ ದೆವ್ವನ ನೋಡಿರೋರು ನೀವೊಬ್ರೇ ತಾನೇ? ನಾವು ಸ್ಕೂಲ್ ಬಿಟ್ರೆ ಬತ್ತಿ ಹೊಸೆಯೋಕೆ ಜನ ಸಿಗ್ತಾರೆ ಅಂತ ನೀವೇ ಹುಟ್ಟಾಕಿದ್ದಲ್ವಾ?”

ಅಪ್ಪನ ಕೈ ನನ್ನ ಕೆನ್ನೆಗೆ ಬಿತ್ತು. ದೊಡ್ಡಪ್ಪ ನಕ್ಕರು. “ನೋಡ್ರಪ್ಪಾ, ಆಗ್ಲೇ ಮೆಟ್ಕೊಂಡ್ಬುಟ್ಟೈತೆ! ಇನ್ನು ಇವ್ಳು ಡಿಗ್ರಿ ಓದ್ದಂಗೇಯ, ಬುಡಿ.”

ಕಾರ್ಟೂನಿನಲ್ಲಿ ಸಿಕ್ಕಿಬಿದ್ದವನು ತಪ್ಪೊಪ್ಪಿಕೊಳ್ಳುತ್ತಾನೆ. ನಮ್ಮ ಮನೆಯಲ್ಲಿ ದೊಡ್ಡಪ್ಪನ ಎಲೆಗೆ ಇನ್ನೊಂದು ಹೋಳಿಗೆ ಬಿತ್ತು.

ಜೂನ್ ಬಂದಾಗ ಅಮ್ಮ ನನ್ನ ಬ್ಯಾಗನ್ನು ತಾನೇ ಹೆಗಲಿಗೆ ಹಾಕಿಕೊಂಡು ಆ ಮರದ ಕೆಳಗೇ ನಡೆಸಿಕೊಂಡು ಹೋದಳು. ಮೂರು ವರ್ಷ, ದಿನಾ. ಮುಂದಿನ ಐದು ವರ್ಷ ಬೆಳಿಗ್ಗೆ ಕಾಲೇಜು, ಸಂಜೆ ಬತ್ತಿ. ಬೆರಳಿಗೆ ಮೆತ್ತಿದ ಬತ್ತಿಹಿಟ್ಟಿನ ಇದ್ದಿಲ ಕರಿ ಪರೀಕ್ಷೆಯ ಹಾಳೆಗೂ ಹತ್ತುತ್ತಿತ್ತು. ಪಾಸಾದೆ. ಯಾರ ದಯೆಯಿಂದಲೂ ಅಲ್ಲ, ಅಮ್ಮನೊಬ್ಬಳನ್ನು ಬಿಟ್ಟು.

ಸರ್ಟಿಫಿಕೇಟು ಬಂದ ದಿನ ನೇರ ದೊಡ್ಡಪ್ಪನ ಮನೆಗೆ ಹೋಗಿ ಅವರ ಕೈಗೇ ಕೊಟ್ಟೆ, ನಾಚಿಕೊಳ್ಳಲಿ ಎಂದು. “ನಮ್ಮನೆ ಮಗ ಕಣ್ರೀ ಇವ್ಳು!” ಎಂದು ಬೀದಿಯಲ್ಲಿ ಹೋಗುತ್ತಿದ್ದವರಿಗೆಲ್ಲ ತೋರಿಸಿದರು. ನಾಚಿಕೆ ಹತ್ತಿರವೂ ಸುಳಿಯಲಿಲ್ಲ. ಆಮೇಲೆ ಅದನ್ನು ಜಗಲಿಯ ಮೇಲೆ ಬತ್ತಿ ಹೊಸೆಯುತ್ತಿದ್ದ ಮಗಳ ಕಡೆ ಚಾಚಿದರು. ಅಕ್ಕ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು ಅಂಚು ಹಿಡಿದು ನೋಡಿದಳು.

“ಆವತ್ತು ದೆವ್ವದ ಮಾತ್ನ ಅಷ್ಟೊಂದು ಜನರ ಮುಂದೆ ಕೇಳ್ದಲ್ಲೇ,” ಎಂದಳು. “ಅದ್ನ ಒಂದ್ವರ್ಷ ಮುಂಚೆ, ನನ್ನ ಆರತಿ ದಿನ ಕೇಳಬಾರದಾಗಿತ್ತಾ?”