ಯಲ್ಲಯ್ಯನ ಕೋಡಿ ಪಾಠ

ಸನ್ಮಾನ, ಶಾಲು, ಹಾರ ಅಂದರೆ ಇವತ್ತಿಗೂ ನಾನು ಆ ಕಡೆ ತಲೆ ಹಾಕುವುದಿಲ್ಲ. ಹಾಗಾಗಲು ಕಾರಣ ಕೋಣನಕುಂಟೆ ಕಡೆಯ ಒಂದು ಕೆರೆ, ಅದರ ನೀರುಗಂಟಿ ಯಲ್ಲಯ್ಯ, ಮತ್ತು ನಾನು. ನನ್ನ ಹೆಸರು ವೇಣು. ಹನುಮಂತನಗರದಿಂದ ಎರಡು ಬಸ್ಸು ಬದಲಿಸಿ ಅಲ್ಲಿನ ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಡಲು ಹೋಗುತ್ತಿದ್ದವನು. ಹೇಳಬೇಕಾಗಿರುವುದು ಯಲ್ಲಯ್ಯನ ಬದುಕು. ನನ್ನನ್ನು ಬಿಟ್ಟು ಹೇಳಲು ಆಗಿದ್ದರೆ ಚೆನ್ನಾಗಿತ್ತು, ಆಗುವುದಿಲ್ಲ.

ಯಲ್ಲಯ್ಯನ ತಾತ, ಅಪ್ಪ ಎಲ್ಲರೂ ಆ ಕೆರೆಯ ನೀರುಗಂಟಿಗಳೇ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ನೋಡಿಕೊಳ್ಳುವ ಕೆಲಸ. ಸುಗ್ಗಿಯಲ್ಲಿ ಗದ್ದೆಗೆ ಇಷ್ಟು ಅಂತ ಭತ್ತ ಬರುತ್ತಿತ್ತು. ಗದ್ದೆಗಳೆಲ್ಲ ಸೈಟುಗಳಾದ ಮೇಲೆ ಭತ್ತವೂ ಇಲ್ಲ, ನೀರುಗಂಟಿಯನ್ನು ಕೇಳುವವರೂ ಇಲ್ಲ. ಆತ ಸಿಮೆಂಟ್ ಗೋದಾಮಿನಲ್ಲಿ ವಾಚ್‌ಮನ್ ಆದ. ಆದರೂ ಮಳೆಗಾಲ ಬಂತೆಂದರೆ ಬೆಳಗ್ಗೆ ಏರಿ ಮೇಲೆ ಒಂದು ಸುತ್ತು ನಡೆದು, ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕೋಡಿಯ ಕಸ ತೆಗೆದು ಕೆಲಸಕ್ಕೆ ಹೋಗುತ್ತಿದ್ದ. ಯಾರೂ ಹೇಳಿದ್ದಲ್ಲ. ಅವನ ಬೀದಿಯ ಹದಿನಾಲ್ಕು ಮನೆಗಳು ಕೆರೆಯ ಹಿನ್ನೀರಿನ ಅಂಚಿನಲ್ಲೇ ಇದ್ದವು.

1998ರಲ್ಲಿ ನನಗೊಂದು ಹುರುಪು ಬಂತು. ನಮ್ಮ ಮಕ್ಕಳಲ್ಲಿ ಹತ್ತನೇ ಕ್ಲಾಸಿನಾಚೆ ಓದುವವರು ಕಡಿಮೆ. ಮಣ್ಣು, ನೀರು, ಮರದ ಕೆಲಸ ಕಲಿಸಿದರೆ ಹೊಟ್ಟೆಪಾಡಿಗೆ ದಾರಿಯಾದೀತು ಎಂದು ಒಂದು ವೃತ್ತಿ ತರಬೇತಿ ಶುರುಮಾಡಿದೆ. ಸರ್ಕಾರವನ್ನು ನಂಬಿದರೆ ಆಗುವುದಲ್ಲ ಎಂದು ಊರಿನವರನ್ನೇ ಹಿಡಿದೆ. ಕನಕಪುರ ರಸ್ತೆಯ ನರ್ಸರಿಯವರು ಕಸಿ ಕಟ್ಟುವುದನ್ನು ಕಲಿಸಲು ಒಪ್ಪಿದರು. ಒಬ್ಬ ಗಾರೆ ಮೇಸ್ತ್ರಿ, ನೀರು ತುಂಬಿದ ಪೈಪಿನಲ್ಲಿ ಮಟ್ಟ ನೋಡುವುದನ್ನು ತೋರಿಸಿಕೊಟ್ಟ. ಸರ್ಟಿಫಿಕೇಟು ಕೊಡುವುದು, ಆಮೇಲೆ ನರ್ಸರಿ, ಪಾರ್ಕುಗಳಲ್ಲಿ ಕೆಲಸಕ್ಕೆ ಹಚ್ಚುವುದು ಹೊಸ ಬಡಾವಣೆಯ ನಿವಾಸಿಗಳ ಸಂಘದ ಜವಾಬ್ದಾರಿ. ನೀರಿನ ಪಾಠ ಯಲ್ಲಯ್ಯನದು.

ಉದ್ಘಾಟನೆಯ ದಿನ ವೇದಿಕೆ ಮೇಲೆ ಎಲ್ಲರಿಗೂ ಕುರ್ಚಿ. ಯಲ್ಲಯ್ಯ ಕಂಬದ ಪಕ್ಕ ನಿಂತಿದ್ದ. ನಮಗೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ ಬಂತು, ಅವನಿಗೆ ಪ್ಲಾಸ್ಟಿಕ್ ಕಪ್ಪಿನಲ್ಲಿ. ನಾನು ನೋಡಿದ್ದನ್ನು ಗಮನಿಸಿದ ಸಂಘದ ಅಧ್ಯಕ್ಷ, ನಿವೃತ್ತ ಇಂಜಿನಿಯರ್ ಗುರುಬಸಪ್ಪ, "ಅವ್ರಿಗೆ ಅಭ್ಯಾಸ ಆಗಿರುತ್ತೆ ಬಿಡ್ರೀ" ಅಂದ. ನಾನು ಹಲ್ಲು ಗಿಂಜಿದೆ. ಥೂ, ಆ ನಗು ನೆನೆಸಿಕೊಂಡರೆ ನನ್ನ ಮುಖದ ಮೇಲೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಪಾಠ ಮಾತ್ರ ಸೊಗಸಾಗಿತ್ತು. ಯಲ್ಲಯ್ಯ ಮಕ್ಕಳ ಚಪ್ಪಲಿ ಬಿಡಿಸಿ ಕೋಡಿ ಕಲ್ಲಿನ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದ. "ನೀರು ಹಿಮ್ಮಡಿ ಮುಟ್ತು ಅಂದ್ರೆ ತೂಬು ಒಂದು ಗೇಣು ಎತ್ಬೇಕು. ಮೊಣಕಾಲಿಗೆ ಬಂತು ಅಂದ್ರೆ ಎತ್ತೋದಲ್ಲ, ಓಡೋದು" ಅನ್ನುತ್ತಿದ್ದ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಒಂದು ಮಗುವೂ ಮರೆಯಲಿಲ್ಲ.

ಎರಡನೇ ವರ್ಷ ಸಂಘದವರಿಗೆ ಒಂದು ಶೋಕಿ ಹತ್ತಿತು. ಬಾಲ್ಕನಿಯಿಂದ ನೋಡಿದರೆ ಕೆರೆ ವರ್ಷವೆಲ್ಲ ತುಂಬಿದ ಹಾಗೆ ಕಾಣಬೇಕಂತೆ. ಕೋಡಿಯ ಮೇಲೆ ಒಂದೂವರೆ ಅಡಿ ಗೋಡೆ ಎಬ್ಬಿಸಿದರು. ಕೋಡಿ ಎತ್ತರವಾದರೆ ನೀರು ಹಿಂದಕ್ಕೆ ಏರಿ ತನ್ನ ಬೀದಿಗೆ ನುಗ್ಗುತ್ತದೆ ಎಂದು ಯಲ್ಲಯ್ಯ ಮೂರು ಸಲ ಗುರುಬಸಪ್ಪನ ಗೇಟಿನ ಹತ್ತಿರ ನಿಂತು ಹೇಳಿದ. "ಮೂವತ್ತು ವರ್ಷ ಇಂಜಿನಿಯರ್ ಆಗಿದ್ದೋನಿಗೆ ನೀನು ಹೇಳ್ಕೊಡ್ತೀಯೇನಯ್ಯ?" ಎಂದು ಮೂರು ಸಲವೂ ಗುರುಬಸಪ್ಪ ಗೇಟು ಹಾಕಿದ.

ಆಗ ಯಲ್ಲಯ್ಯ ಮಕ್ಕಳಿಗೆ ಅದನ್ನೇ ಪಾಠ ಮಾಡಿದ. ಪೈಪು ಹಿಡಿದು ಕೋಡಿ ಗೋಡೆಯಿಂದ ಮನೆಗಳ ಹೊಸ್ತಿಲವರೆಗೆ ಮಟ್ಟ ನೋಡಿಸಿದ. ಒಂಬತ್ತು ಮನೆಗಳ ಹೊಸ್ತಿಲು ಗೋಡೆಗಿಂತ ಕೆಳಗಿತ್ತು. ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳು ದಾನಮ್ಮ ಅಂತ, ಒಂಬತ್ತನೇ ಕ್ಲಾಸು, ಅದನ್ನೆಲ್ಲ ತರಬೇತಿಯ ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಸಮೇತ ಬರೆದಳು. ಜೂನ್‌ನಲ್ಲಿ ಅಧಿಕಾರಿಗಳು ಕೆರೆ ನೋಡಲು ಬರುವವರಿದ್ದರು; ಆ ಪುಸ್ತಕ ಅವರ ಮುಂದೆ ಇಡುವುದೆಂದು ತೀರ್ಮಾನವಾಗಿತ್ತು.

"ನಾ ಹೇಳಿದ್ರೆ ಯಾರ್ ಕೇಳ್ತಾರೆ ಮೇಷ್ಟ್ರೇ. ಸ್ಕೂಲ್ ಸೀಲ್ ಇದ್ರೆ ಕೇಳ್ತಾರೆ. ಗೋಡೆ ಒಡಸ್ತಾರೆ" ಅಂದ ಯಲ್ಲಯ್ಯ. ಅವನ ಬೀದಿಗೆ ಇದ್ದ ಆಸರೆ ಆ ಒಂದು ಪುಟ.

ಅಧಿಕಾರಿಗಳು ಬರಲು ಒಂದು ವಾರ ಇರುವಾಗ ಗುರುಬಸಪ್ಪ ಸ್ಟಾಫ್ ರೂಮಿಗೆ ಬಂದು ಪುಸ್ತಕ ತಿರುವಿದ.

"ಏನ್ರೀ ವೇಣು, ಮಕ್ಕಳ ಕೈಲಿ ಇದೆಲ್ಲ ಬರೆಸ್ತೀರಾ? ಈ ಪೇಜ್ ಇದ್ರೆ ಸರ್ಟಿಫಿಕೇಟೂ ಇಲ್ಲ, ಕೆಲಸಾನೂ ಇಲ್ಲ. ಹದಿನೆಂಟು ಮಕ್ಕಳ ಲೈಫು, ಯೋಚನೆ ಮಾಡಿ" ಅಂದ. ಎದ್ದು ಹೋಗುವಾಗ, "ಜಿಲ್ಲಾ ಶಿಕ್ಷಕರ ಪ್ರಶಸ್ತಿಗೆ ನಿಮ್ಮ ಹೆಸರು ಕಳ್ಸಿದೀವಿ, ಗೊತ್ತಲ್ಲ" ಎಂದು ಸೇರಿಸಿದ.

ಹದಿನೆಂಟು ಮಕ್ಕಳಿಗೋಸ್ಕರ ಮಾಡಿದೆ ಅಂತ ಬಹಳ ವರ್ಷ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಅರ್ಧ ಸುಳ್ಳು. ಪ್ರಶಸ್ತಿ ತೆಗೆದುಕೊಳ್ಳಲು ಯಾವ ಶರ್ಟು ಹಾಕಿಕೊಳ್ಳಬೇಕು ಅಂತ ಆಗಲೇ ಯೋಚಿಸಿದ್ದೆ, ಅಷ್ಟು ಹೊಲಸು ನನ್ನ ಮನಸ್ಸು.

ಮಾರನೆಯ ದಿನ ದಾನಮ್ಮನನ್ನು ಕರೆದು ಹೊಸ ಪುಸ್ತಕ ಕೊಟ್ಟೆ. "ಸರ, ನಾವು ಎರಡ್ ಸಲ ಅಳದೀವ್ರಿ. ತಪ್ಪಿಲ್ರಿ" ಅಂದಳು.

"ತಪ್ಪಿಲ್ಲಮ್ಮ. ಹೇಳಿದಷ್ಟು ಬರಿ" ಅಂದೆ. 'ಕೆರೆಯ ನೀರಿನ ಮಟ್ಟ ಸುರಕ್ಷಿತವಾಗಿದೆ' ಎಂದು ನಾನು ಹೇಳಿದೆ, ಅವಳು ದುಂಡಗೆ ಬರೆದಳು. ಸೀಲು ನಾನೇ ಒತ್ತಿದೆ. ಹಳೆಯ ಪುಸ್ತಕವನ್ನು ಸ್ಕೂಲ್ ಹಿಂದಿನ ಒಲೆಗೆ ಹಾಕಿದೆ.

ಅಧಿಕಾರಿಗಳು ಬಂದರು, ಪುಸ್ತಕ ತಿರುವಿದರು, ಬೋಂಡಾ ತಿಂದರು, ಹೋದರು. ಅಕ್ಟೋಬರ್‌ನಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ನೀರು ನುಗ್ಗಿದ್ದು ಸರಿಯಾಗಿ ಆ ಒಂಬತ್ತು ಮನೆಗಳಿಗೇ. ಬರೀ ಕೆರೆಯ ನೀರಲ್ಲ ಅದು, ಬಡಾವಣೆಯ ಚರಂಡಿಯೂ ಸೇರಿದ ಕಪ್ಪು ನೀರು. ನಡೆಯಲಾಗದ ತಾಯಿಯನ್ನು ಯಲ್ಲಯ್ಯ ಬಾಗಿಲ ಹಲಗೆ ಮೇಲೆ ಮಲಗಿಸಿ ಹೊರಗೆ ತಂದ. ಆ ನಂಜು ನೀರು ಹೊಟ್ಟೆಗೆ ಹೋಗಿ ಹನ್ನೊಂದನೇ ದಿನಕ್ಕೆ ಮುದುಕಿ ತೀರಿಕೊಂಡಳು. ಸಂಘದವರು ಸದ್ದಿಲ್ಲದೆ ಗೋಡೆ ಒಡೆಸಿ, ಗಮ್‌ಬೂಟು ಹಾಕಿಕೊಂಡು ಬಂದು ಬ್ರೆಡ್ಡು ಹಂಚಿ ಫೋಟೋ ತೆಗೆಸಿಕೊಂಡರು. "ಇದನ್ನೂ ಕೋರ್ಸಿಗೆ ಸೇರಿಸ್ಬಹುದು ಕಣ್ರೀ, ಪರಿಹಾರ ಕಾರ್ಯ ಅಂತ" ಅಂದ ಗುರುಬಸಪ್ಪ. ಮಕ್ಕಳಿಗೆ ಸರ್ಟಿಫಿಕೇಟು ಸಿಕ್ಕಿತು, ಏಳು ಜನಕ್ಕೆ ಕೆಲಸವೂ ಸಿಕ್ಕಿತು. ನನಗೆ ಪ್ರಶಸ್ತಿ. ಬೇಡ ಅಂದೆ ಎಂದು ಬರೆಯಲು ಆಸೆ. ಆದರೆ ಹೋಗಿ ತಲೆ ಬಗ್ಗಿಸಿ ಹಾರ ಹಾಕಿಸಿಕೊಂಡೆ.

ಮುಂದಿನ ಜೂನ್‌ನಲ್ಲಿ ಹೊಸ ತಂಡ ಬಂತು. ನೀರಿನ ಪಾಠಕ್ಕೆ ಬೇರೆ ಯಾರೂ ಇಲ್ಲ. ನಾಚಿಕೆ ಬಿಟ್ಟು ಯಲ್ಲಯ್ಯನ ಮನೆಗೆ ಹೋದೆ. ಅವನ ಹೆಂಡತಿ ಕೆಂಪಕ್ಕ ಒಂದು ಲೋಟ ನೀರು ತಂದಿಟ್ಟು ಒಳಗೆ ಹೋದಳು. ಪುಸ್ತಕ ಸುಟ್ಟಿದ್ದನ್ನು ನಾನು ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಅವನಿಗೆ ಎಲ್ಲ ಗೊತ್ತಿತ್ತು.

"ಈ ವರ್ಷಾನೂ ನೀವೇ ಬರ್ಬೇಕು ಯಲ್ಲಯ್ಯ" ಅಂದೆ.

"ಬರ್ತೀನಿ. ಮಕ್ಕಳು ಕಲೀಬೇಕಲ್ಲ."

ಕೆಂಪಕ್ಕ ಇಟ್ಟ ನೀರನ್ನು ಗಟಗಟ ಕುಡಿದೆ. ಏಳುವಷ್ಟರಲ್ಲಿ ಆತ ಮತ್ತೆ ಮಾತಾಡಿದ. ದನಿ ಏರಿಸಲೂ ಇಲ್ಲ.

"ಒಂದು ಮಾತು ಮೇಷ್ಟ್ರೇ. ನಾ ಪಾಠ ಮಾಡೋವಾಗ ನೀವು ಕೆರೆ ಹತ್ರ ಬರ್ಬೇಡಿ. ನಿಮ್ಮನ್ನ ನೋಡಿದ್ರೆ ಮಕ್ಕಳು ನಿಜ ಬರೆಯೋಕೆ ಹೆದರ್ತಾವೆ."